ಹುಣಸೆ ಬೀಜ, ಚೌಕಾಬಾರ ಮತ್ತು ಕ್ಯಾಲ್ಕ್: ಸಂಭವನೀಯತೆಯನ್ನು ಕಲಿಸಿದ ನನ್ನ ಅನುಭವ

ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸುವ ನಾನು, ಹತ್ತನೇ ತರಗತಿಯ ಸಂಭವನೀಯತೆಯ ಪಾಠವನ್ನು ನಾಣ್ಯ ಮತ್ತು ದಾಳಗಳ ಬದಲಿಗೆ ಚೌಕಾಬಾರದಿಂದ ಆರಂಭಿಸುತ್ತೇನೆ. ನಮ್ಮ ಮಕ್ಕಳು ಈ ಆಟವನ್ನು ಮನೆಯಲ್ಲೇ ಕಲಿತು ಬಂದಿರುತ್ತಾರಾದ್ದರಿಂದ ನಿಯಮ ವಿವರಿಸಲು ಅವಧಿ ಕಳೆಯಬೇಕಾಗಿಲ್ಲ. ಹುಣಸೆ ಬೀಜಕ್ಕಂತೂ ಬರವಿಲ್ಲ. ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಿದರೆ ಕಂದು ಸಿಪ್ಪೆ ಸವೆದು ಬಿಳಿ ಕಾಣುತ್ತದೆ. ಅಂಥ ನಾಲ್ಕು ಬೀಜಗಳನ್ನು ಎಸೆದಾಗ ಮೇಲ್ಮುಖವಾಗಿ ಬಿದ್ದ ಬಿಳಿಯ ಎಣಿಕೆಯೇ ಗರ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಂದಾದರೆ ಬಾರ, ಅಂದರೆ ಎಂಟು.

ಆಟಕ್ಕೆ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಎಂಟು ಬೀಳುವ ಸಂಭವನೀಯತೆ ಎಷ್ಟು? ಉತ್ತರ ಪಡೆಯಲು ಪ್ಲಿಕರ್ಸ್ ಎಂಬ ಆ್ಯಪ್ ಬಳಸುತ್ತೇನೆ. ಪ್ರತಿ ಮಗುವಿನ ಕೈಯಲ್ಲಿ ಕಪ್ಪು-ಬಿಳುಪು ಆಕೃತಿ ಮುದ್ರಿಸಿದ ಒಂದು ಕಾಗದವಿರುತ್ತದೆ. ತನ್ನ ಆಯ್ಕೆಯ ಅಕ್ಷರ ಮೇಲೆ ಬರುವಂತೆ ಅದನ್ನು ತಿರುಗಿಸಿ ಹಿಡಿದರೆ, ನನ್ನ ಒಂದೇ ಫೋನಿನ ಕ್ಯಾಮೆರಾ ಇಡೀ ತರಗತಿಯ ಉತ್ತರಗಳನ್ನು ಓದಿಕೊಳ್ಳುತ್ತದೆ. ಪ್ರತಿಯೊಬ್ಬರ ಆಕೃತಿಯೂ ಬೇರೆಯಾದ್ದರಿಂದ ಪಕ್ಕದವರನ್ನು ನೋಡಿ ಬರೆಯುವ ದಾರಿಯಿಲ್ಲ. ಗಡಿಯಾರ ಓಡುತ್ತಿರುವಾಗ ಬೇಗ ಒತ್ತಿದವರಿಗೆ ಹೆಚ್ಚು ಅಂಕ ನೀಡುವ ರಸಪ್ರಶ್ನೆಗಳನ್ನು ನಾನು ಈ ಪಾಠಕ್ಕೆ ತರುವುದಿಲ್ಲ, ಏಕೆಂದರೆ ಅಲ್ಲಿ ಗೆಲ್ಲುವುದು ಯೋಚನೆಯಲ್ಲ, ಬೆರಳಿನ ಚುರುಕು. ನನ್ನ ಪ್ರಶ್ನೆಗೆ ಬಹುಪಾಲು ಮಕ್ಕಳು ಐದರಲ್ಲಿ ಒಂದು ಎನ್ನುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಎಂಟು ಎಂದು ಐದು ಗರಗಳಿವೆಯಲ್ಲ ಎಂಬುದು ಅವರ ತರ್ಕ. ಆ ಉತ್ತರವನ್ನು ನಾನು ಆಗ ತಿದ್ದುವುದಿಲ್ಲ.

ಅನಂತರ ಪ್ರತಿ ಗುಂಪೂ 100 ಬಾರಿ ಎಸೆದು ಗರಗಳನ್ನು ತಾಳೆಗೆರೆಗಳಲ್ಲಿ ಗುರುತಿಸುತ್ತದೆ. ಎಂಟರ ಸಾಲು ಖಾಲಿ ಖಾಲಿಯಾಗಿ ಉಳಿಯುವುದನ್ನು ಮಕ್ಕಳೇ ಗಮನಿಸುತ್ತಾರೆ. ಆಗ ನಾಲ್ಕು ಬೀಜಗಳಿಗೆ ಬಣ್ಣದ ಗುರುತು ಹಾಕಿಸಿ, ಬಿಳಿ-ಕಂದುಗಳ ಎಲ್ಲ ಜೋಡಣೆಗಳನ್ನೂ ಬರೆಸುತ್ತೇನೆ. ಒಟ್ಟು 16 ಸಾಧ್ಯತೆಗಳಲ್ಲಿ ಒಂದು ಬೀಳುವುದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1, ಬಾರಕ್ಕೆ 1 ದಾರಿ ಇರುವುದು ತಿಳಿದ ಮೇಲೆ ಐದರಲ್ಲಿ ಒಂದು ಎಂಬ ಉತ್ತರ ತಾನಾಗಿಯೇ ಬಿದ್ದುಹೋಗುತ್ತದೆ.

ಕಂಪ್ಯೂಟರಿನ ಸರದಿ ಇಲ್ಲಿಂದ ಮುಂದೆ. ಸ್ಪ್ರೆಡ್‌ಶೀಟ್ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಸೊನ್ನೆ ಅಥವಾ ಒಂದನ್ನು ಯಾದೃಚ್ಛಿಕವಾಗಿ ಕೊಡುವ ರ್‍ಯಾಂಡ್‌ಬಿಟ್ವೀನ್ ಸೂತ್ರವನ್ನು ನಾಲ್ಕು ಕಂಬಗಳಲ್ಲಿ ಹಾಕಿ, ಐದನೆಯದರಲ್ಲಿ ಮೊತ್ತ ಮಾಡಿ, ಮೊತ್ತ ಸೊನ್ನೆಯಾದರೆ ಎಂಟು ಎಂದು ತೋರಿಸುವಂತೆ ಬರೆದು, 1,000 ಸಾಲುಗಳಿಗೆ ಎಳೆದರೆ ಸಾಕು. ಎಫ್ 9 ಕೀಲಿ ಒತ್ತಿದಾಗಲೆಲ್ಲ ಸಾವಿರ ಎಸೆತಗಳು ಹೊಸದಾಗಿ ಬೀಳುತ್ತವೆ. ಪರದೆಯ ಸ್ತಂಭಾಲೇಖ ಸ್ವಲ್ಪ ಅಲುಗಾಡಿದರೂ ಎರಡರ ಸ್ತಂಭವೇ ಎತ್ತರವಾಗಿ ನಿಲ್ಲುತ್ತದೆ. ಕೈಯಿಂದ ಎಸೆಯದ ಮಕ್ಕಳಿಗೆ ಇದನ್ನೇ ಮೊದಲು ತೋರಿಸಿದರೆ ಅದು ಬರಿಯ ಸಿನಿಮಾ ಆಗುತ್ತದೆ.

ಪಾಠದ ಸತ್ವವಿರುವುದು ಕೈಯೆಸೆತದ ಮತ್ತು ಕಂಪ್ಯೂಟರಿನ ಫಲಿತಾಂಶಗಳೆರಡೂ ಹೊಂದದಿರುವಲ್ಲಿ. ಒಂದು ಗುಂಪಿನ ಬೀಜಗಳು ಎರಡಕ್ಕಿಂತ ಮೂರನ್ನೇ ಹೆಚ್ಚು ಕೊಡುತ್ತಿದ್ದವು. ಎಣಿಕೆ ತಪ್ಪಿದೆಯೆಂದು ಉಳಿದವರು ಜಗಳಕ್ಕೇ ನಿಂತರು. ಆ ಗುಂಪಿನ ಹುಡುಗಿಯೊಬ್ಬಳು ಬೀಜವನ್ನು ಮೇಜಿನ ಅಂಚಿಗೆ ಕಣ್ಣು ಸಮ ಮಾಡಿ ನೋಡಿ, "ಸರ್, ನಾವು ಜಾಸ್ತಿ ಉಜ್ಜಿಬಿಟ್ಟಿದ್ದೀವಿ, ಆ ಕಡೆ ಚಪ್ಪಟೆಯಾಗಿದೆ" ಎಂದಳು. ಎರಡು ಮಗ್ಗುಲುಗಳಿಗೂ ಸಮಾನ ಅವಕಾಶವಿದೆ ಎಂಬುದು ಕಂಪ್ಯೂಟರಿಗೆ ನಾವು ಕೊಟ್ಟ ಊಹೆ. ಬೀಜ ಅದನ್ನು ಒಪ್ಪಬೇಕೆಂದಿಲ್ಲ. ಪ್ರಾಯೋಗಿಕ ಮತ್ತು ಸೈದ್ಧಾಂತಿಕ ಸಂಭವನೀಯತೆಗಳ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಬರುವುದಿಲ್ಲ. ಮರುದಿನ ಆ ಗುಂಪು ಒಂದೊಂದೇ ಬೀಜವನ್ನು ಪ್ರತ್ಯೇಕವಾಗಿ ಎಸೆದು ಬಿಳಿಯ ಪ್ರಮಾಣವನ್ನು ಕಂಡುಹಿಡಿಯಿತು, ನಾವು ಅದೇ ಪ್ರಮಾಣವನ್ನು ಕ್ಯಾಲ್ಕ್‌ನ ಸೂತ್ರಕ್ಕೆ ಹಾಕಿದೆವು.

ಶಾಲೆಯಲ್ಲಿ ಜೂಜು ಕಲಿಸುತ್ತೀರಾ ಎಂದು ಸಹೋದ್ಯೋಗಿಯೊಬ್ಬರು ತಮಾಷೆಯಾಗಿ ಕೇಳಿದ್ದುಂಟು. 1654ರಲ್ಲಿ ಸಂಭವನೀಯತೆಯ ಗಣಿತಕ್ಕೆ ಬುನಾದಿ ಹಾಕಿದ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರಗಳಲ್ಲಿ ಚರ್ಚಿಸಿದ್ದು ಅರ್ಧಕ್ಕೆ ನಿಂತ ಪಂದ್ಯದ ಪಣವನ್ನು ಹೇಗೆ ಹಂಚಬೇಕೆಂಬುದನ್ನೇ ಎಂದು ನಾನೂ ನಗುತ್ತಲೇ ಉತ್ತರಿಸಿದೆ.

ಮೌಲ್ಯಮಾಪನಕ್ಕೆ ಈಗ ಆಟದ ನಿಯಮದಿಂದಲೇ ಪ್ರಶ್ನೆ ಮಾಡುತ್ತೇನೆ. ಚೌಕ ಅಥವಾ ಬಾರ ಬಿದ್ದರೆ ಮತ್ತೊಂದು ಎಸೆತ ಸಿಗುತ್ತದೆ. ಸಮ ಬೀಜಗಳಾದರೆ ಆ ಸಂಭವನೀಯತೆ 2/16, ಅಂದರೆ 1/8. ಅತಿಯಾಗಿ ಉಜ್ಜಿದ ಬೀಜಗಳಾದರೆ ಎಷ್ಟು ಎಂಬುದನ್ನು ಪ್ರತಿ ಗುಂಪೂ ತನ್ನದೇ ದತ್ತಾಂಶದಿಂದ ಲೆಕ್ಕ ಹಾಕಿ ತರಬೇಕು.