ಫೋನಿನಲ್ಲಿ ಟ್ಯಾಕ್ಸ್ ಕಟ್ಟಿದಿರಿ ಸರಿ, ರಿಟರ್ನ್ ಹಾಕಿದಿರಾ?

ಕಳೆದ ಡಿಸೆಂಬರ್‌ನಲ್ಲಿ ದಾವಣಗೆರೆ ನಿಟ್ಟುವಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಮನೆಗೆ ಬಂದರು. ಕೈಯಲ್ಲಿ ಫೋನು, ಮುಖದಲ್ಲಿ ಸಿಟ್ಟು. "ಆಗಸ್ಟ್‌ನಾಗೇ ಫೋನಿನಾಗೆ ಟ್ಯಾಕ್ಸ್ ಕಟ್ಟೀನಿ. ಈಗ ನೋಡಿದ್ರೆ ರಿಟರ್ನ್ ಹಾಕಿಲ್ಲ ಅಂತ ಮೆಸೇಜ್ ಬಂದೈತಿ. ಏನ್ರೀ ಇದು?" ಅಂದರು.

ಮೇಷ್ಟ್ರು ದುಡ್ಡು ಕಟ್ಟಿದ್ದು ನಿಜ. ರಿಟರ್ನ್ ಹಾಕಿರಲಿಲ್ಲ ಅನ್ನುವುದೂ ನಿಜ. ಪೇಮೆಂಟ್ ಆ್ಯಪ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ಅಂತ ಒಂದು ಚೌಕ ಇರುತ್ತದಲ್ಲ, ಅದು ದುಡ್ಡು ಕಟ್ಟುವ ಕಿಟಕಿ ಮಾತ್ರ. ವರ್ಷದ ಆದಾಯದ ಲೆಕ್ಕ ಒಪ್ಪಿಸುವ ಜಾಗ ಬೇರೆ. ಆ ಲೆಕ್ಕದ ಹೆಸರೇ ರಿಟರ್ನ್. ಒಪ್ಪಿಸಿದ ಮೇಲೆ 'ಇದು ನನ್ನದೇ' ಅಂತ ದೃಢಪಡಿಸುವುದು ಮೂರನೇ ಕೆಲಸ. ಈ ಮೂರಕ್ಕೂ ಸರ್ಕಾರ ಒಂದು ಪೈಸೆ ಶುಲ್ಕ ಕೇಳುವುದಿಲ್ಲ. ನಾನು ಸಿಎ ಅಲ್ಲ, ಕಾಲೇಜೊಂದರ ಅಕೌಂಟ್ಸ್ ವಿಭಾಗದಲ್ಲಿ ಕೂತು ಸವೆದವನು. ಸಂಬಳ, ಪಿಂಚಣಿ, ಎಫ್‌ಡಿ ಬಡ್ಡಿ ಇಷ್ಟೇ ಇರುವವರು ತಾವೇ ಮಾಡಿಕೊಳ್ಳಬಹುದು ಎಂದು ಧೈರ್ಯವಾಗಿ ಹೇಳುತ್ತೇನೆ. ಅಂಗಡಿ, ದಲ್ಲಾಳಿ ಮಂಡಿ, ಷೇರಿನ ದಿನವಹಿ ವ್ಯಾಪಾರ ಇದ್ದವರು ಸಿಎ ಹತ್ತಿರವೇ ಹೋಗಿ.

ಮೊದಲು ಕಾಗದ ಜೋಡಿಸಿ

ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ನೌಕರರಾದರೆ ಫಾರ್ಮ್ 16, ಅಂದರೆ ಸಂಬಳ ಎಷ್ಟು, ತೆರಿಗೆ ಎಷ್ಟು ಹಿಡಿದರು ಅಂತ ಕೆಲಸ ಕೊಟ್ಟವರು ಬರೆದುಕೊಡುವ ಪತ್ರ. ಪ್ಯಾನ್‌ಗೆ ಆಧಾರ್ ಜೋಡಣೆಯಾಗಿರಲಿ. ಆಧಾರ್‌ನಲ್ಲಿರುವ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಯಲ್ಲೇ ಇದೆಯಾ ನೋಡಿ. ಕೊನೆಯ ಹೆಜ್ಜೆಯಲ್ಲಿ ಒಟಿಪಿ ಬರುವುದು ಅದಕ್ಕೇ.

ಲಾಗಿನ್

ಆದಾಯ ತೆರಿಗೆ ಇಲಾಖೆಯ ಜಾಲತಾಣ, ಅಂದರೆ ಪೋರ್ಟಲ್‌ನ ವಿಳಾಸ ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಓವಿ ಡಾಟ್ ಇನ್. ಕೊನೆಯಲ್ಲಿ 'ಜಿಓವಿ ಡಾಟ್ ಇನ್' ಇಲ್ಲದ ಯಾವುದನ್ನೂ ತೆರೆಯಬೇಡಿ. ನಿಮ್ಮ ಪ್ಯಾನ್ ನಂಬರೇ ಯೂಸರ್ ಐಡಿ. ಸಾಧ್ಯವಾದರೆ ಕಂಪ್ಯೂಟರ್‌ನಲ್ಲಿ ಮಾಡಿ. ಫೋನಿನ ಚಿಕ್ಕ ಪರದೆಯಲ್ಲಿ ಸೊನ್ನೆ ಜಾಸ್ತಿ ಬಿದ್ದರೂ ಗೊತ್ತಾಗುವುದಿಲ್ಲ.

ಇಲ್ಲೇ ಒಂದು ಮಾತು. ಹಿಂದಿನ ವರ್ಷ ಯಾರ ಕೈಲೋ ಮಾಡಿಸಿದ್ದರೆ ಪ್ರೊಫೈಲ್‌ನಲ್ಲಿ ಯಾರ ಮೊಬೈಲ್ ನಂಬರ್, ಯಾರ ಇಮೇಲ್ ಇದೆ ನೋಡಿ. ಹತ್ತರಲ್ಲಿ ನಾಲ್ಕು ಮಂದಿ ಏಜೆಂಟನ ನಂಬರ್ ಇಟ್ಟುಕೊಂಡೇ ನನ್ನ ಹತ್ತಿರ ಬರುತ್ತಾರೆ. ಇಲಾಖೆಯ ನೋಟಿಸ್ ಬಂದರೆ ಅವನಿಗೆ ಹೋಗುತ್ತದೆ, ನಿಮಗಲ್ಲ. ಮೊದಲು ಅದನ್ನು ಬದಲಿಸಿ. "ರಿಫಂಡ್ ತೆಗೆಸಿಕೊಡ್ತೀನಿ, ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನುವವರ ಸಹವಾಸವೇ ಬೇಡ. ಕೊಡದ ದೇಣಿಗೆ, ಕಟ್ಟದ ಬಾಡಿಗೆ ತೋರಿಸಿ ರಿಫಂಡ್ ತೆಗೆಯುವುದು ಅವರ ವಿದ್ಯೆ. ಸಿಕ್ಕಿಬಿದ್ದಾಗ ದಂಡ ಕಟ್ಟುವವರು ನೀವು.

ಎಐಎಸ್ ಓದದೆ ಮುಂದೆ ಹೋಗಬೇಡಿ

ಎಐಎಸ್ ಅಂದರೆ ನಿಮ್ಮ ಬಗ್ಗೆ ಇಲಾಖೆಗೆ ಗೊತ್ತಿರುವುದರ ಪಟ್ಟಿ. 2021ರ ನವೆಂಬರ್‌ನಿಂದ ಇದೆ. ಯಾವ ಬ್ಯಾಂಕ್ ಎಷ್ಟು ಬಡ್ಡಿ ಕೊಟ್ಟಿತು, ಯಾವ ಕಂಪನಿ ಎಷ್ಟು ಡಿವಿಡೆಂಡ್ ಕೊಟ್ಟಿತು ಎಲ್ಲ ಅದರಲ್ಲಿದೆ. ನೀವು ಮರೆತ ಎಫ್‌ಡಿ ಇಲಾಖೆಗೆ ನೆನಪಿರುತ್ತದೆ. ಜೊತೆಗೆ ಫಾರ್ಮ್ 26ಎಎಸ್ ತೆಗೆದುಕೊಳ್ಳಿ. ದುಡ್ಡು ಕೊಡುವವರು ಮೊದಲೇ ಹಿಡಿದು ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆ, ಅಂದರೆ ಟಿಡಿಎಸ್, ಅದರಲ್ಲಿ ಸಿಗುತ್ತದೆ. ಎರಡನ್ನೂ ಪಾಸ್‌ಬುಕ್ ಪಕ್ಕ ಇಟ್ಟುಕೊಂಡು ಪೆನ್ನಿನಲ್ಲಿ ಟಿಕ್ ಹಾಕುತ್ತಾ ಹೋಗಿ.

ಬ್ಯಾಂಕ್ ಟಿಡಿಎಸ್ ಹಿಡಿದಿದೆ ಅಂದಮೇಲೆ ತೆರಿಗೆ ಮುಗಿಯಿತು ಅನ್ನುವುದು ನಮ್ಮೂರಿನ ಹಳೇ ನಂಬಿಕೆ. ಲೆಕ್ಕ ನೋಡಿ. ಅರವತ್ತು ದಾಟಿದ ನಿವೃತ್ತ ಅಧ್ಯಾಪಕರೊಬ್ಬರಿಗೆ 2025-26ರಲ್ಲಿ ಪಿಂಚಣಿ 10 ಲಕ್ಷ, ಎಫ್‌ಡಿ ಬಡ್ಡಿ 4 ಲಕ್ಷ ಬಂತು ಅಂತಿಟ್ಟುಕೊಳ್ಳಿ. ಪಿಂಚಣಿ ಒಂದನ್ನೇ ನೋಡಿದರೆ ತೆರಿಗೆ ಇಲ್ಲ, ಹಾಗಾಗಿ ಪಿಂಚಣಿಯಲ್ಲಿ ಏನೂ ಹಿಡಿಯಲಿಲ್ಲ. ಬಡ್ಡಿಯ ಮೇಲೆ ಬ್ಯಾಂಕ್ ಶೇಕಡಾ 10 ಹಿಡಿಯಿತು, ಅಂದರೆ 40,000. ಈಗ ಎರಡನ್ನೂ ಕೂಡಿ. 14 ಲಕ್ಷದಲ್ಲಿ ಸಂಬಳ, ಪಿಂಚಣಿಯವರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂಬ ಕಡಿತ 75,000 ಕಳೆದರೆ 13.25 ಲಕ್ಷ. ತೆರಿಗೆ ಲೆಕ್ಕಕ್ಕೆ ಹೊಸದು, ಹಳೆಯದು ಅಂತ ಎರಡು ಪದ್ಧತಿ ಇವೆ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ಏನಿಲ್ಲ. 4ರಿಂದ 8 ಲಕ್ಷಕ್ಕೆ ಶೇಕಡಾ 5, ಅಂದರೆ 20,000. 8ರಿಂದ 12ಕ್ಕೆ ಶೇಕಡಾ 10, ಅಂದರೆ 40,000. ಮೇಲಿನ 1.25 ಲಕ್ಷಕ್ಕೆ ಶೇಕಡಾ 15, ಅಂದರೆ 18,750. ಒಟ್ಟು 78,750. ಶೇಕಡಾ 4 ಸೆಸ್ ಸೇರಿ 81,900. ಬ್ಯಾಂಕ್ ಹಿಡಿದಿದ್ದು ಕಳೆದರೂ ಇನ್ನೂ 41,900 ಬಾಕಿ! ಜುಲೈ ಕೊನೆಯ ವಾರದಲ್ಲಿ ಇದನ್ನು ನೋಡಿ ಎದೆ ಹಿಡಿದುಕೊಂಡವರನ್ನು ಕಂಡಿದ್ದೇನೆ.

ಒಟ್ಟು 12 ಲಕ್ಷದೊಳಗಿದ್ದರೆ ಹೊಸ ಪದ್ಧತಿಯ ರಿಯಾಯಿತಿಯಲ್ಲಿ ತೆರಿಗೆ ಸೊನ್ನೆ. ಸಂಬಳ, ಪಿಂಚಣಿಯವರಿಗೆ 75,000 ಕಳೆಯುವ ಮುಂಚಿನ ಲೆಕ್ಕದಲ್ಲಿ 12.75 ಲಕ್ಷ. ಆದರೆ ತೆರಿಗೆ ಸೊನ್ನೆ ಅಂದಮಾತ್ರಕ್ಕೆ ರಿಟರ್ನ್ ಬೇಡ ಅಂತಲ್ಲ. ಆದಾಯ 4 ಲಕ್ಷ ದಾಟಿದರೆ ಹಾಕಲೇಬೇಕು.

ಯಾವ ಫಾರ್ಮು?

ಹೆಚ್ಚಿನವರಿಗೆ ಐಟಿಆರ್-1, ಅದಕ್ಕೆ 'ಸಹಜ್' ಅಂತಲೂ ಹೆಸರಿದೆ. ಆದಾಯ 50 ಲಕ್ಷದೊಳಗಿರಬೇಕು. ಷೇರುಪೇಟೆಯಲ್ಲಿ ಪಟ್ಟಿಯಾದ ಷೇರು, ಮ್ಯೂಚುವಲ್ ಫಂಡ್ ಮಾರಿದ ದೀರ್ಘಾವಧಿ ಲಾಭ 1.25 ಲಕ್ಷದೊಳಗಿದ್ದರೂ ಇದರಲ್ಲೇ ನಡೆಯುತ್ತದೆ.

ನಮ್ಮ ಜಿಲ್ಲೆಯವರು ಎಡವುವುದು ತೋಟದ ವಿಷಯದಲ್ಲಿ. ಊರಲ್ಲಿ ನೌಕರಿ, ಚನ್ನಗಿರಿ ಕಡೆ ಅಡಿಕೆ ತೋಟ, ಇಲ್ಲಾ ಭದ್ರಾ ನಾಲೆಯ ನೀರಿನಲ್ಲಿ ಭತ್ತ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ತೋರಿಸುವುದೇ ಇಲ್ಲ. ಆದರೆ ಕೃಷಿ ಆದಾಯ ವರ್ಷಕ್ಕೆ 5,000 ದಾಟಿದರೆ ಐಟಿಆರ್-1 ಹಾಕುವಂತಿಲ್ಲ, ಐಟಿಆರ್-2 ಬೇಕು. ಬೇರೆ ಆದಾಯಕ್ಕೆ ಯಾವ ದರ ಅಂತ ಲೆಕ್ಕ ಹಾಕುವಾಗ ಇದನ್ನೂ ಜೊತೆಗೆ ಹಿಡಿಯುತ್ತಾರೆ. ಅಡಿಕೆ ಮಾರಿದ ದುಡ್ಡು ನಿಮ್ಮ ಖಾತೆಗೇ ಬಂದಿರುತ್ತದೆ. ಅದು ಎಲ್ಲಿಂದ ಬಂತು ಅಂತ ನಾಳೆ ಕೇಳಿದಾಗ ರಿಟರ್ನ್‌ನಲ್ಲಿ ಬರೆದಿದ್ದೇ ಉತ್ತರ. ಎಪಿಎಂಸಿ ಚೀಟಿ, ಪಹಣಿ ಜೋಪಾನ ಮಾಡಿ.

ತುಂಬುವುದು

ಇ-ಫೈಲ್ ಮೆನುವಿನಲ್ಲಿ ರಿಟರ್ನ್ ಆಯ್ಕೆ ಒತ್ತಿ, ವರ್ಷ ಆರಿಸಿ (ಯಾವುದು ಅಂತ ಮುಂದೆ ಹೇಳಿದ್ದೇನೆ), ಆನ್‌ಲೈನ್ ಅಂತ ಕೊಡಿ. ಬಹಳಷ್ಟು ಅಂಕಿ ಮೊದಲೇ ತುಂಬಿರುತ್ತದೆ. ಟಿಕ್ ಹಾಕಿಟ್ಟ ನಿಮ್ಮ ಕಾಗದಕ್ಕೆ ಹೋಲಿಸಿ, ತಪ್ಪಿದ್ದರೆ ತಿದ್ದಿ.

ಹೊಸ ಪದ್ಧತಿಯೋ ಹಳೆಯದೋ ಅನ್ನುವ ಪ್ರಶ್ನೆ ಬರುತ್ತದೆ. ನೀವೇನೂ ಮುಟ್ಟದಿದ್ದರೆ ಹೊಸದೇ. ಮನೆ ಸಾಲದ ಬಡ್ಡಿ, 80ಸಿ ಉಳಿತಾಯ ಎಲ್ಲ ಭರ್ತಿ ಇದ್ದವರು ಹಳೆಯದರಲ್ಲೂ ಒಮ್ಮೆ ಲೆಕ್ಕ ಹಾಕಿ ನೋಡಿ. ಹಳೆಯದು ಬೇಕಿದ್ದರೆ ಜುಲೈ 31ರೊಳಗೆ ಹಾಕಬೇಕು, ತಡವಾದರೆ ಹೊಸದೇ ಗತಿ.

ದುಡ್ಡು ಕಟ್ಟುವ ಹೊತ್ತು

ಮೇಷ್ಟ್ರು ಜಾರಿದ್ದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಬಾಕಿ ಇದ್ದರೆ ಪೋರ್ಟಲ್ಲೇ 'ಪೇ ನೌ' ಅಂತ ಕೇಳುತ್ತದೆ. ಅದನ್ನೇ ಒತ್ತಿ. ಪೇಮೆಂಟ್ ಆ್ಯಪ್ ತೆರೆದು, ಅದರೊಳಗಿನ ಟ್ಯಾಕ್ಸ್ ಚೌಕದಿಂದ ಶುರು ಮಾಡಬೇಡಿ. ಅಲ್ಲಿ ವರ್ಷ, ತೆರಿಗೆಯ ಬಗೆ, ಮೊತ್ತ ಎಲ್ಲ ನೀವೇ ತುಂಬಬೇಕು. ಚಲನ್, ಅಂದರೆ ತೆರಿಗೆ ಕಟ್ಟಿದ ರಸೀದಿ, ಕೈಗೆ ಬರಲು ಒಂದೆರಡು ದಿನ ಕಾಯಬೇಕಾಗುತ್ತದೆ. ಕ್ರೆಡಿಟ್ ಕಾರ್ಡ್ ಆರಿಸಿದರೆ ಮೇಲಿನ ಶುಲ್ಕ ಬೇರೆ. ಪೋರ್ಟಲ್‌ನಿಂದ ಹೋದರೆ ವರ್ಷ ತಾನಾಗಿ ಬಂದಿರುತ್ತದೆ. ಚಲನ್ ತಯಾರಾಗಿ ಸಿಆರ್‌ಎನ್ ಅನ್ನುವ ನಂಬರ್ ಬೀಳುತ್ತದೆ, ಅದು 15 ದಿನ ನಡೆಯುತ್ತದೆ. ಆಮೇಲೆ ಪೇಮೆಂಟ್ ಗೇಟ್‌ವೇ, ಅದರಲ್ಲಿ ಯುಪಿಐ ಆರಿಸಿ. ಪರದೆಯ ಮೇಲೆ ಕ್ಯೂಆರ್ ಬಂದರೆ ಮಂಡಕ್ಕಿ-ಮಿರ್ಚಿ ಅಂಗಡಿಯಲ್ಲಿ ಮಾಡುವ ಹಾಗೇ ಸ್ಕ್ಯಾನ್ ಮಾಡಿ. ಫೋನ್‌ಪೇ, ಗೂಗಲ್ ಪೇ, ಭೀಮ್ ಯಾವುದಾದರೂ ಸರಿ. ತೆರಿಗೆಗೆ ಯುಪಿಐ ಮಿತಿಯನ್ನು 2024ರ ಸೆಪ್ಟೆಂಬರ್‌ನಲ್ಲೇ 5 ಲಕ್ಷಕ್ಕೆ ಏರಿಸಿದ್ದಾರೆ. ನಿಮ್ಮ ಬ್ಯಾಂಕ್ ಅದಕ್ಕಿಂತ ಕಡಿಮೆ ಮಿತಿ ಇಟ್ಟಿದ್ದರೆ ನೆಟ್ ಬ್ಯಾಂಕಿಂಗ್ ಬಳಸಿ.

ಈಗ ವರ್ಷದ ಕಗ್ಗಂಟು. ದುಡಿದ ವರ್ಷ 2025ರ ಏಪ್ರಿಲ್‌ನಿಂದ 2026ರ ಮಾರ್ಚ್. ಅದು ಹಣಕಾಸು ವರ್ಷ 2025-26. ಅದರ ಲೆಕ್ಕ ಒಪ್ಪಿಸುವುದು ಮರುವರ್ಷ, ಹಾಗಾಗಿ ಅಸೆಸ್‌ಮೆಂಟ್ ಇಯರ್ 2026-27. ಮೇಷ್ಟ್ರು 2024-25ರ ಆದಾಯಕ್ಕೆ ಅಸೆಸ್‌ಮೆಂಟ್ ಇಯರ್ 2024-25 ಅಂತಲೇ ಒತ್ತಿದ್ದರು. ದುಡ್ಡು ಹೋಗಿ ಒಂದು ವರ್ಷ ಹಿಂದಿನ ಖಾತೆಯಲ್ಲಿ ಕೂತಿತ್ತು.

ಈ ಸಲ ಇನ್ನೊಂದು ಗೋಜಲು ಸೇರಿದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅದರಲ್ಲಿ ಅಸೆಸ್‌ಮೆಂಟ್ ಇಯರ್ ಇಲ್ಲ, 'ಟ್ಯಾಕ್ಸ್ ಇಯರ್' ಅಂತಿದೆ. ದುಡಿದ ವರ್ಷವೇ ಟ್ಯಾಕ್ಸ್ ಇಯರ್. ಅಂದರೆ ಟ್ಯಾಕ್ಸ್ ಇಯರ್ 2026-27 ಅಂದರೆ ಈಗ ನಡೆಯುತ್ತಿರುವ ವರ್ಷ, ಅಸೆಸ್‌ಮೆಂಟ್ ಇಯರ್ 2026-27 ಅಂದರೆ ಮುಗಿದ ವರ್ಷದ ಲೆಕ್ಕ. ಅಂಕಿ ಒಂದೇ, ಅರ್ಥ ಬೇರೆ! ಈಗ ನೀವು ಕಟ್ಟುತ್ತಿರುವುದು ಮುಗಿದ ವರ್ಷದ ಬಾಕಿ. ಹಾಗಾಗಿ 1961ರ ಹಳೇ ಕಾಯ್ದೆ, ಅಸೆಸ್‌ಮೆಂಟ್ ಇಯರ್ 2026-27. ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಇಟ್ಟುಕೊಳ್ಳಿ.

ತೆರಿಗೆಯ ಬಗೆ ಕೇಳಿದರೆ ರಿಟರ್ನ್ ಹಾಕುವಾಗಿನ ಬಾಕಿಗೆ 300, ಅಂದರೆ ಸೆಲ್ಫ್ ಅಸೆಸ್‌ಮೆಂಟ್. 100 ಅಂದರೆ ಅಡ್ವಾನ್ಸ್ ಟ್ಯಾಕ್ಸ್, ಅದು ಬೇಡ.

ತಪ್ಪಿದರೆ? ಪೋರ್ಟಲ್‌ನಲ್ಲೇ ಚಲನ್ ತಿದ್ದುವ ಸೌಲಭ್ಯವಿದೆ. ವರ್ಷ ತಪ್ಪಾಗಿದ್ದರೆ ಕಟ್ಟಿದ 7 ದಿನದೊಳಗೆ, ತೆರಿಗೆಯ ಬಗೆ ತಪ್ಪಾಗಿದ್ದರೆ 30 ದಿನದೊಳಗೆ. ಅದು ದಾಟಿದರೆ ನಿಮ್ಮ ವಾರ್ಡಿನ ಆದಾಯ ತೆರಿಗೆ ಅಧಿಕಾರಿಗೆ ಅರ್ಜಿ ಕೊಡಬೇಕು. ಮೇಷ್ಟ್ರು ನಾಲ್ಕು ತಿಂಗಳು ಕಳೆದು ಬಂದಿದ್ದರು. ಅರ್ಜಿಯೂ ಕೊಟ್ಟರು, ತಡವಾಗಿ ರಿಟರ್ನ್ ಹಾಕಿದ್ದಕ್ಕೆ 5,000 ಶುಲ್ಕವನ್ನೂ ಕಟ್ಟಿದರು. ಆದಾಯ 5 ಲಕ್ಷದೊಳಗಿದ್ದರೆ ಆ ಶುಲ್ಕ 1,000.

ಅರ್ಧ ಜನ ದುಡ್ಡು ಕಟ್ಟಿದ ಕೂಡಲೇ ಕಿಟಕಿ ಮುಚ್ಚಿ ಎದ್ದು ಹೋಗುತ್ತಾರೆ. ಹಾಗೆ ಮಾಡಬೇಡಿ. ಚಲನ್ ರಸೀದಿ ಇಳಿಸಿಕೊಳ್ಳಿ. ಅದರಲ್ಲಿ ಬ್ಯಾಂಕಿನ 7 ಅಂಕಿಯ ಬಿಎಸ್‌ಆರ್ ಕೋಡ್, ಚಲನ್ ನಂಬರ್, ತಾರೀಖು, ಮೊತ್ತ ಇರುತ್ತವೆ. ರಿಟರ್ನ್‌ನ 'ಟ್ಯಾಕ್ಸ್ ಪೇಯ್ಡ್' ಭಾಗಕ್ಕೆ ವಾಪಸ್ ಬಂದು ಈ ನಾಲ್ಕೂ ಅಲ್ಲಿ ಕೂತಿವೆಯಾ ನೋಡಿ. ಇಲ್ಲದಿದ್ದರೆ ಕೈಯಿಂದ ತುಂಬಿ. ಬಾಕಿ ಸೊನ್ನೆ ಅಂತ ತೋರಿಸಬೇಕು. ಆ್ಯಪ್‌ನ ಹಸಿರು ಟಿಕ್‌ನ ಸ್ಕ್ರೀನ್‌ಶಾಟ್ ಚಲನ್ ಅಲ್ಲ. ಅದರಲ್ಲಿರುವ ಯುಟಿಆರ್ ನಂಬರನ್ನು, ಅಂದರೆ ಬ್ಯಾಂಕ್ ವಹಿವಾಟಿನ ನಂಬರನ್ನು, ಚಲನ್ ನಂಬರ್ ಜಾಗದಲ್ಲಿ ತುಂಬಿದವರೂ ಇದ್ದಾರೆ.

ಬ್ಯಾಂಕ್ ಖಾತೆ

ರಿಫಂಡ್ ಬರುವುದಿದ್ದರೆ ಖಾತೆ ಪೋರ್ಟಲ್‌ನಲ್ಲಿ ಮಾನ್ಯವಾಗಿರಬೇಕು. ಹಳೆಯ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕ್ ಖಾತೆ ಇದ್ದವರು ಐಎಫ್‌ಎಸ್‌ಸಿ ಕೋಡ್ ಹೊಸದಾ ಅಂತ ನೋಡಿ. ಬ್ಯಾಂಕ್‌ಗಳು ವಿಲೀನವಾಗಿ ವರ್ಷಗಳೇ ಆದವು, ಪೋರ್ಟಲ್‌ನಲ್ಲಿ ಹಳೇ ಕೋಡ್ ಹಾಗೇ ಕೂತಿರುತ್ತದೆ.

ಸಲ್ಲಿಸಿ, ದೃಢಪಡಿಸಿ

ಪ್ರಿವ್ಯೂ ಒಮ್ಮೆ ಓದಿ, ಸಬ್‌ಮಿಟ್ ಒತ್ತಿ. ಆ ಕ್ಷಣವೇ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ. ನಾಳೆ ಮಾಡೋಣ ಅಂದವರು ಮರೆಯುತ್ತಾರೆ. 30 ದಿನದ ಗಡುವಿದೆ, ಅದು ದಾಟಿದರೆ ದೃಢಪಡಿಸಿದ ದಿನವನ್ನೇ ಸಲ್ಲಿಸಿದ ದಿನ ಅಂತ ಹಿಡಿಯುತ್ತಾರೆ, ಅದು ಜುಲೈ 31 ದಾಟಿದ್ದರೆ ತಡದ ಶುಲ್ಕ ಬೀಳುತ್ತದೆ. ಒಟಿಪಿ ಬರದವರು ನೆಟ್ ಬ್ಯಾಂಕಿಂಗ್ ಮೂಲಕ ಮಾಡಬಹುದು. ಅದೂ ಆಗದಿದ್ದರೆ ಐಟಿಆರ್-ವಿ ಅನ್ನುವ ಸ್ವೀಕೃತಿ ಪತ್ರ ಪ್ರಿಂಟ್ ತೆಗೆದು, ಸಹಿ ಹಾಕಿ, ರಿಟರ್ನ್‌ಗಳನ್ನು ಪರಿಶೀಲಿಸುವ ಇಲಾಖೆಯ ಕೇಂದ್ರವಾದ ಬೆಂಗಳೂರು 560500ರ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಿ.

ಕೆಲವು ದಿನಕ್ಕೋ ವಾರಕ್ಕೋ ಇಲಾಖೆಯಿಂದ 143(1) ಅನ್ನುವ ಪತ್ರ ಇಮೇಲ್‌ಗೆ ಬರುತ್ತದೆ. ನೋಟಿಸ್ ಬಂತು ಅಂತ ಗಾಬರಿಯಾಗಿ ಸೈಬರ್ ಸೆಂಟರ್‌ಗೆ ಓಡಬೇಡಿ, ಇದು ಎಲ್ಲರಿಗೂ ಬರುತ್ತದೆ. ಅದನ್ನು ತೆರೆಯುವ ಪಾಸ್‌ವರ್ಡ್ ನಿಮ್ಮ ಪ್ಯಾನ್, ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ. ಅದಕ್ಕೆ ಅಂಟಿಕೊಂಡ ಹಾಗೆ ಹುಟ್ಟಿದ ದಿನ, ತಿಂಗಳು, ವರ್ಷ, ಒಟ್ಟು ಎಂಟು ಅಂಕಿ. ಒಳಗೆ ಎರಡು ಕಾಲಂ ಇರುತ್ತವೆ. ಒಂದು ನೀವು ಕೊಟ್ಟ ಲೆಕ್ಕ, ಇನ್ನೊಂದು ಅವರು ಹಾಕಿದ ಲೆಕ್ಕ. ಎರಡರ ಕೊನೆಯ ಸಾಲು ಒಂದೇ ಆಗಿದ್ದರೆ ಪಿಡಿಎಫ್ ಉಳಿಸಿಕೊಳ್ಳಿ. ಬೇರೆಯಾಗಿದ್ದರೆ ಮೊದಲು ನೋಡಬೇಕಾದ್ದು ತೆರಿಗೆ ಕಟ್ಟಿದ ಸಾಲನ್ನು. ಚಲನ್ ಬಿಟ್ಟುಹೋಗಿದ್ದರೆ ಅಲ್ಲೇ ಕಾಣುತ್ತದೆ.