ಬಸಿಯಲ್ಲಿ ಆರಿಸಿದ ಚಹಾ

ನಾನು ಬಾಗಲಕೋಟೆಯಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ಒಂದು ನೈಟ್ ಡ್ಯೂಟಿಯಲ್ಲಿ, ಮಗನ ಸಲೈನ್ ಮುಗಿಯಿತೇನೋ ಅಂತ ಮೂರನೇ ಸಲ ಕೇಳಲು ಬಂದ ತಾಯಿಯ ಮೇಲೆ ರೇಗಿಬಿಟ್ಟೆ. "ತಪ್ಪಾತ್ರಿ ಸಿಸ್ಟರ್" ಅಂದು ಆಕೆ ಸೆರಗು ಸರಿಮಾಡಿಕೊಂಡು ಹೋದಳು. ಆಕೆಯದೇನೂ ತಪ್ಪಿರಲಿಲ್ಲ. ಆ ಮುಖ ಇನ್ನೂ ಕಣ್ಣಮುಂದಿದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಕೆಲಸದ ಒತ್ತಡಕ್ಕೆ ಬಸವಳಿದುಹೋಗುವ ಸ್ಥಿತಿಯಾದ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿತು. ಮೈಯಲ್ಲಿ ತ್ರಾಣವೇ ಉಳಿಯದಿರುವುದು, ಕೆಲಸ ಅಂದರೆ ಬೇಸರ ಬಂದು ಮನಸ್ಸು ದೂರ ಸರಿಯುವುದು, ಮಾಡಿದ್ದು ಯಾವುದೂ ಸರಿಹೋಗುತ್ತಿಲ್ಲ ಅನ್ನಿಸುವುದು. ಮೂರೂ ನನ್ನಲ್ಲಿದ್ದವು.

ಇದರಿಂದ ಹೊರಬರಲು ಮೊದಲು ನಾನು ಬೆಳಗ್ಗೆ ಐದಕ್ಕೆ ಎದ್ದು ಯೋಗ, ಆಮೇಲೆ ವಾಕಿಂಗ್ ಅಂತ ಶುರು ಮಾಡಿದೆ. ಶಿಫ್ಟ್ ಬದಲಾದ ನಾಲ್ಕನೇ ದಿನಕ್ಕೇ ನಿಂತುಹೋಯಿತು. ಅದಕ್ಕೇ ಹೇಳುತ್ತೇನೆ, ವಿಶ್ರಾಂತಿಗೆ ಅಂತ ಹೊಸದಾಗಿ ಹೊತ್ತು ಹುಡುಕಬೇಡಿ. ಏನೇ ಆದರೂ ದಿನಾ ತಪ್ಪದೆ ಮಾಡುವ ಒಂದು ಕೆಲಸ ಇರುತ್ತದಲ್ವಾ? ವಿಶ್ರಾಂತಿಯನ್ನು ಅದಕ್ಕೇ ಗಂಟು ಹಾಕಿ. ನನಗೆ ಅದು ಡ್ಯೂಟಿ ಮುಗಿಸಿ ಬಂದ ಮೇಲಿನ ಚಹಾ.

ಮಾಡುವುದು ಇಷ್ಟೇ. ಕೈಕಾಲು ಮುಖ ತೊಳೆದು, ಫೋನ್ ಒಳಗಿಟ್ಟು, ಕಪ್ಪು-ಬಸಿ ಹಿಡಿದು ಹೊರಗೆ ಬಂದು ಕೂರಿ. ಹಳೇ ಊರಿನ ಮನೆಗಳಿಗೆ ಕಟ್ಟೆ ಇರುತ್ತಿತ್ತು. ಅತ್ತೆಯವರ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಆ ಕಟ್ಟೆಯನ್ನು ಅವರು ಈಗಲೂ ನೆನೆಯುತ್ತಾರೆ. ನವನಗರದ ಈ ಮನೆಗೆ ಮೂರು ಮೆಟ್ಟಿಲಷ್ಟೇ ಇವೆ. ಎರಡನೆಯದು ನನ್ನದು.

ಚಹಾ ಬಸಿಗೆ ಸುರಿಯಿರಿ. ಮೂಗಿನಿಂದ ಉಸಿರು ತೆಗೆದುಕೊಂಡು, ಅಂಚಿನ ಮೇಲೆ ನಿಧಾನಕ್ಕೆ ಊದಿ. ಚಹಾದ ಮೇಲೆ ಸಣ್ಣ ಅಲೆ ಎದ್ದು ಆಚೆ ದಡಕ್ಕೆ ಮುಟ್ಟುತ್ತದೆ. ಆ ಅಲೆ ಚೆಲ್ಲಬಾರದು, ನಿಲ್ಲಲೂಬಾರದು. ಹಾಗೆ ಊದಬೇಕಾದರೆ ಬಿಡುವ ಉಸಿರು ತಾನಾಗೇ ಉದ್ದ ಆಗುತ್ತದೆ. ಉಸಿರು ನಿಧಾನವಾಗಿ ಹೊರಹೋಗುವಾಗ ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರ ಚುರುಕಾಗಿ ಎದೆಬಡಿತ ಇಳಿಯುತ್ತದೆ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಾಲ್ಕೈದು ಸಲ ಊದುವ ಹೊತ್ತಿಗೆ, ಬೆಳಗ್ಗೆಯಿಂದ ಕಿವಿ ಹತ್ತಿರ ಏರಿ ಕೂತಿದ್ದ ಹೆಗಲು ಕೆಳಗಿಳಿದಿರುತ್ತದೆ. ದವಡೆ ಬಿಗಿಹಿಡಿದಿದ್ದೀರಾ ನೋಡಿಕೊಳ್ಳಿ. ನಾನು ಎಷ್ಟೋ ದಿನ ಹಲ್ಲು ಕಚ್ಚಿಕೊಂಡೇ ಮನೆಗೆ ಬಂದಿರುತ್ತೇನೆ.

ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಗ್ಗೆ ಮಾತ್ರ ಚಹಾ ಬೇಡ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆ ಕಳೆದರೂ ರಕ್ತದಲ್ಲೇ ಇರುತ್ತದೆ, ನಿದ್ದೆ ಕೆಡುತ್ತದೆ. ಅವತ್ತು ಬಿಸಿ ಹಾಲನ್ನೇ ಬಸಿಗೆ ಹಾಕಿ. ಮಲಗುವ ಕೋಣೆಯ ಕಿಟಕಿಗೆ ದಪ್ಪ ಚಾದರ ಕಟ್ಟಿ. ಬೆಳಕು ಬಿದ್ದರೆ ನಿದ್ದೆ ತರಿಸುವ ಮೆಲಟೋನಿನ್ ಕಡಿಮೆಯಾಗುತ್ತದೆ.

ಮನೆಯವರಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಸುಮ್ನೆ ಕೂತರೆ ಯಾರಿಗೂ ಅರ್ಥವಾಗುವುದಿಲ್ಲ. ನಾನು ಹೇಳಿದ ಮೇಲೆ ಅತ್ತೆಯೇ ಮಕ್ಕಳಿಗೆ "ಹತ್ತು ಮಿನಿಟ ನಿಮ್ಮವ್ವಗ ತ್ರಾಸ ಕೊಡಬ್ಯಾಡ್ರಿ" ಅನ್ನತೊಡಗಿದರು.

ಒಂದು ದಿನ ತಪ್ಪಿದರೆ ಬಿಟ್ಟುಬಿಡಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ ನೋಡಿದ್ದರು. ಒಂದು ಅಭ್ಯಾಸ ತಾನಾಗೇ ನಡೆಯುವಂತಾಗಲು ಹೆಚ್ಚುಕಡಿಮೆ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ನಾನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಿದ್ದೆ. ಮಾರ್ಚ್ ಬಂದಾಗ ಗೆರೆ ಎಳೆಯುವುದೇ ಮರೆತುಹೋಗಿತ್ತು, ಕೂರುವುದು ಮರೆತಿರಲಿಲ್ಲ.

ಇದು ರೂಢಿಯಾದ ಮೇಲೆ ಇನ್ನೊಂದು ಸೇರಿಸಿ. ನಾನು ನಿಂತೇ ರೊಟ್ಟಿ ತಿನ್ನುವುದನ್ನು ಬಿಟ್ಟೆ. ಎರಡೇ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ದರೂ ಕೂತೇ ಊಟ.

ಆದರೆ ಚಹಾದಿಂದ ಡ್ಯೂಟಿ ಪಟ್ಟಿ ಬದಲಾಗುವುದಿಲ್ಲ. ರಾತ್ರಿ ಮುಗಿಸಿ ಮರುಮಧ್ಯಾಹ್ನವೇ ಮತ್ತೆ ಬರಬೇಕಾದ ಶಿಫ್ಟ್ ಬೇಡ ಅಂತ ನಾನು ಬರೆದುಕೊಟ್ಟೆ. ಎರಡನೇ ಸಲ ಕೇಳಿದಾಗ ಒಪ್ಪಿದರು. ನೀವೂ ಕೇಳಿ, ಬರವಣಿಗೆಯಲ್ಲೇ ಕೇಳಿ.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಒಂದು ರಾತ್ರಿ ಮಾಳಿಗೆ ಮೇಲೆ ಕೂತು ನಾನೂ ಮಾಡಿದ್ದೆ. ಆ ಕಡೆಯಿಂದ ಹೆಣ್ಣುಮಗಳೊಬ್ಬಳು ಕನ್ನಡದಲ್ಲೇ "ಹೇಳಿ, ಕೇಳ್ತಾ ಇದ್ದೀನಿ" ಅಂದಳು.