ಕೊಂಡ ಹಾಡುಗಳ ಕಣಜ: ನನ್ನ ಅನುಭವ

ಹಾಡುಗಳನ್ನು ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಕೊಂಡದ್ದನ್ನು ಬೇಕೆಂದಾಗ ಇಳಿಸಿಕೊಳ್ಳಬಹುದಲ್ಲ, ಮನೆಯಲ್ಲೇಕೆ ಕೂಡಿಡುವುದು ಎಂದು ಗೆಳೆಯರು ನಗುತ್ತಿದ್ದರು. ಆ ತಾಣವೇ 2022ರಲ್ಲಿ ವಿಡಿಯೊ ಆಟಗಳ ಕಂಪನಿ ಎಪಿಕ್ ಗೇಮ್ಸ್‌ಗೂ ಮರುವರ್ಷ ಸಂಗೀತದ ಪರವಾನಗಿ ಕಂಪನಿ ಸಾಂಗ್‌ಟ್ರಾಡರ್‌ಗೂ ಮಾರಾಟವಾದುದನ್ನು ಕಂಡ ಮೇಲೆ ನನ್ನ ಹಟ ಇನ್ನಷ್ಟು ಬಲವಾಯಿತು. ಕಳೆದ ತಿಂಗಳು ಮುಖ್ಯ ಡಿಸ್ಕ್ ಕೆಟ್ಟುನಿಂತಾಗ, ಸುಮಾರು 640 ಆಲ್ಬಂಗಳನ್ನು ಮೂರು ಗಂಟೆಯೊಳಗೆ ಒಂದು ಹಾಡೂ ತಪ್ಪದಂತೆ ಮರಳಿ ತಂದೆ. ಈಗ ಅದೇ ಗೆಳೆಯರು ವಿಧಾನ ಹೇಳಿಕೊಡು ಎನ್ನುತ್ತಿದ್ದಾರೆ.

ಪಾಠಕ್ಕೆ ದುಡ್ಡು ತೆತ್ತಿದ್ದೇನೆ. ಮೊದಲ ವರ್ಷ ಧ್ವನಿಯನ್ನು ಒಂದಿಷ್ಟು ಕಳೆದು ಕುಗ್ಗಿಸಿದ ಎಂಪಿ3 ಮಾತ್ರ ಇಳಿಸಿಕೊಂಡು, ಏನನ್ನೂ ಕಳೆಯದೆ ಕುಗ್ಗಿಸಿದ ಫ್ಲ್ಯಾಕ್ ಪ್ರತಿಯನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟಿದ್ದೆ. ಅಷ್ಟರಲ್ಲಿ ಒಂದು ಸಣ್ಣ ಲೇಬಲ್ (ಸಂಗೀತ ಪ್ರಕಟಿಸುವ ಸಂಸ್ಥೆ) ತನ್ನ ಅಂಗಡಿಯನ್ನೇ ಮುಚ್ಚಿತು. ಫ್ಲ್ಯಾಕ್ ಕೈತಪ್ಪಿದ್ದು ಹನ್ನೊಂದು ಆಲ್ಬಂ, ಹೆಚ್ಚುಕಡಿಮೆ ಏಳು ಸಾವಿರ ರೂಪಾಯಿ. ಎರಡನೆಯ ಪೆಟ್ಟು ನನ್ನದೇ ಅವಸರದ ಫಲ: ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆಯ ಡಿಸ್ಕನ್ನು, ಅದಕ್ಕೆ ಬರೆಯುತ್ತಿರುವಾಗಲೇ ಕಿತ್ತೆ, ಕೆಲವು ಕಡತಗಳು ಹಾಳಾದವು, ಆ ರಾತ್ರಿ ನಕಲು ಮಾಡುವ ತಂತ್ರಾಂಶ ಆರ್‌ಸಿಂಕ್ ಅವನ್ನೇ ನಿಷ್ಠೆಯಿಂದ ಎರಡನೆಯ ಡಿಸ್ಕಿಗೂ ಸಾಗಿಸಿತು.

ಅಂದಿನಿಂದ ಪರೀಕ್ಷಿಸದೆ ಏನನ್ನೂ ನಕಲಿಸುವುದಿಲ್ಲ. ಆರಂಭದಲ್ಲಿ ಇಡೀ ಕಡತದ ಶಾ-256, ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆ, ಬರೆದಿಡುತ್ತಿದ್ದೆ. ಪಿಕಾರ್ಡ್ ಎಂಬ ತಂತ್ರಾಂಶದಲ್ಲಿ ಹಾಡಿನ ಹೆಸರು, ಗಾಯಕರಂಥ ವಿವರದ ಒಂದು ಟ್ಯಾಗ್ ತಿದ್ದಿದರೂ ಅದು ಸುಳ್ಳು ಎಚ್ಚರಿಕೆ ಕೊಟ್ಟು ತಲೆ ತಿನ್ನುತ್ತಿತ್ತು. ಫ್ಲ್ಯಾಕ್ ಕಡತದೊಳಗೇ ಮೂಲ ಧ್ವನಿಯದ್ದಷ್ಟೇ ಬೆರಳಚ್ಚು (ಎಂಡಿ5) ಅಡಗಿರುವುದರಿಂದ, ಟ್ಯಾಗ್ ಏನೇ ಬದಲಾದರೂ ಫ್ಲ್ಯಾಕ್‌ನ ಸ್ವಂತ ಪರೀಕ್ಷೆ ಧ್ವನಿ ಸರಿಯಿದೆಯೇ ಎಂಬುದನ್ನಷ್ಟೇ ಹೇಳುತ್ತದೆ. ಅದರಲ್ಲಿ ಪಾಸಾದದ್ದು ಮಾತ್ರ ಮುಂದಿನ ಡಿಸ್ಕಿಗೆ ಹೋಗುತ್ತದೆ. ಯಾವ ಡಿಸ್ಕನ್ನು ಯಾವ ವಾರ ಜೋಡಿಸುತ್ತೇನೆ ಎಂಬ ಲೆಕ್ಕಾಚಾರ ಮಾತ್ರ ನನ್ನಲ್ಲೇ ಇರಲಿ.

ನಿಜವಾಗಿ ಬೆವರಿಳಿಸಿದ್ದು ಕನ್ನಡ. ಹಳೆಯ ಮ್ಯಾಕ್‌ನಿಂದ ಲಿನಕ್ಸ್‌ಗೆ ಕಡತಗಳನ್ನು ತಂದಾಗ ‘ದೋಣಿ’ ಎಂಬ ಹೆಸರಿನ ಫೋಲ್ಡರುಗಳು ಎರಡು ಕಾಣಿಸಿದವು, ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಒಂದರಲ್ಲಿ ಓತ್ವ ಒಂದೇ ಸಂಕೇತ. ಇನ್ನೊಂದರಲ್ಲಿ ಮ್ಯಾಕ್‌ನ ಕಡತ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಅದನ್ನು ಎತ್ವ, ಊತ್ವ, ದೀರ್ಘಚಿಹ್ನೆ ಎಂದು ಮೂರಾಗಿ ಒಡೆದಿತ್ತು. ಹೆಸರುಗಳ ಸಂಕೇತವನ್ನು ಒಂದೇ ರೂಪಕ್ಕೆ ತರುವ ಆರ್‌ಸಿಂಕ್‌ನ ಐಕಾನ್ವ್ ಆಯ್ಕೆ ಸಿಗುವ ಹೊತ್ತಿಗೆ ಎರಡು ಭಾನುವಾರ ಕಳೆದಿದ್ದವು; ಕೈಯಿಂದ ಅಳಿಸಿದ್ದರಲ್ಲಿ ಒಂದು ಆಲ್ಬಂ ಹೋಯಿತು, ಅದನ್ನು ಮತ್ತೆ ಕೊಂಡೆ.

ನಡುವೆ ಬ್ಲೂ-ರೇ ತಟ್ಟೆಗಳಲ್ಲಿ ಬರೆದಿಡುವ ಹುಚ್ಚೂ ಹಿಡಿದಿತ್ತು. ಡ್ರೈವಿಗೆ ಒಂಬತ್ತು ಸಾವಿರ ಸುರಿದು, 25 ಜಿಬಿಯ ಆರು ತಟ್ಟೆ ಸುಡುವಷ್ಟರಲ್ಲಿ ಬೇಸರ ಬಂತು. ಎಲ್ಲ ಫ್ಲ್ಯಾಕ್‌ಗಳನ್ನೂ ಎಂಟನೆಯ, ಅಂದರೆ ಅತಿ ಹೆಚ್ಚಿನ, ಮಟ್ಟದಲ್ಲಿ ಮತ್ತೆ ಕುಗ್ಗಿಸಿದಾಗ ಉಳಿತಾಯವಾದ ಜಾಗ ನೂರಕ್ಕೆ ಒಂದೆರಡು ಪಾಲು, ಅಷ್ಟೆ. ಫೋನಿಗಾಗಿ ಓಪಸ್ ಎಂಬ ಕುಗ್ಗಿಸುವ ವಿಧಾನದಲ್ಲಿ, ಸೆಕೆಂಡಿಗೆ 128 ಕಿಲೋಬಿಟ್‌ನಂತೆ ಮಾಡಿದ ಪ್ರತಿ ಮಾತ್ರ ಸಾರ್ಥಕ: 225 ಜಿಬಿ ಸುಮಾರು 32ಕ್ಕೆ ಇಳಿಯಿತು, ಬಸ್ಸಿನ ಗದ್ದಲದಲ್ಲಿ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಈಗಿರುವುದು ತಲಾ ಆರು ಸಾವಿರದ ಆಸುಪಾಸಿನ ಮೂರು ಡಿಸ್ಕ್. ಒಂದು ಅಕ್ಕನ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿದೆ.